ಕಪ್ಪು ಬೆಕ್ಕಿನ ದೋಣಿಯನ್ನು ಮುಳುಗಿಸಿದ್ದು ಯಾರು

ಹುಬ್ಬಳ್ಳಿಯ ಪಾಲಿಟೆಕ್ನಿಕ್ಕಿನಲ್ಲಿ ಹನ್ನೊಂದು ವರ್ಷ ಡೀಸೆಲ್ ಎಂಜಿನ್ ಪಾಠ ಮಾಡಿದ ನನಗೆ ಕೆನಡಾದಲ್ಲಿ ಸಿಕ್ಕ ಮೊದಲ ಕೆಲಸ ಮುದುಕರಿಗೆ ಬಿಂಗೋ ಆಡಿಸುವುದು. 2010ರ ಮಾತು. ಗಂಡನಿಗೆ ಮೆಡೋವೇಲ್ ಎಂಬಲ್ಲಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸವಿತ್ತು. ನಾನು ಅರ್ಜಿ ಹಾಕಿದಲ್ಲೆಲ್ಲ ‘ಕೆನಡಿಯನ್ ಎಕ್ಸ್‌ಪೀರಿಯನ್ಸ್’ ಇದೆಯೇ ಎಂದು ಕೇಳುತ್ತಿದ್ದರು. ಒಂದು ಇಂಟರ್‌ವ್ಯೂನಲ್ಲಿ ತಾಳ್ಮೆಗೆಟ್ಟು, ಇಲ್ಲಿನ ಡೀಸೆಲ್ ಬೇರೆ ಥರ ಉರಿಯುತ್ತದೆಯೇ ಎಂದು ಕೇಳಿಬಿಟ್ಟೆ. ಅಲ್ಲಿಂದ ಮತ್ತೆ ಫೋನ್ ಬರಲಿಲ್ಲ. ಕೊನೆಗೆ ಎರಡು ಬಸ್ ಬದಲಿಸಿ ಹೋಗಬೇಕಾದ ಒಂದು ವೃದ್ಧರ ನಿವಾಸದಲ್ಲಿ ಕೆಲಸ ಸಿಕ್ಕಿತು. ಸೋಮವಾರ ಬಿಂಗೋ, ಮಂಗಳವಾರ ಕುರ್ಚಿಯಲ್ಲಿ ಕೂತೇ ಮಾಡುವ ವ್ಯಾಯಾಮ, ಬುಧವಾರ ಮಧ್ಯಾಹ್ನ ಯಾರಾದರೂ ಒಬ್ಬರು ತಮ್ಮ ಜೀವನದ ಕತೆ ಹೇಳುವುದು. ಉಳಿದ ದಿನ ಅವರನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ಮಾಲ್‌ಗೆ ಹೋಗಿ, ಹೋದಷ್ಟೇ ಜನರನ್ನು ಎಣಿಸಿ ವಾಪಸ್ ತರುವುದು.

ಮೊದಲ ದಿನ ನನ್ನ ಮ್ಯಾನೇಜರ್ ಎಲ್ಲ ಕೋಣೆ ತೋರಿಸುತ್ತ ಬಂದಳು. ನನಗಿಂತ ಹದಿನೈದು ವರ್ಷ ಚಿಕ್ಕವಳು, ಎಲ್ಲದಕ್ಕೂ ಹೆದರುವವಳು. ಎರಡನೇ ಮಹಡಿಯ ಕೊನೆಯ ಕೋಣೆಯ ಮುಂದೆ ದನಿ ತಗ್ಗಿಸಿ, “ಇವರು ಜರ್ಮನ್. ಯುದ್ಧದಲ್ಲಿ ಸಬ್‌ಮರೀನ್ ಕ್ಯಾಪ್ಟನ್ ಆಗಿದ್ದರಂತೆ. ಆ ವಿಷಯ ಎತ್ತಬೇಡ” ಎಂದಳು.

ಒಳಗೆ ಎಂಬತ್ತೈದರ ಒಬ್ಬ ಮುದುಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ನಾನು ಗುಡ್ ಮಾರ್ನಿಂಗ್ ಎಂದೆ. ಕಿಟಕಿಗೆ ತಲೆಯಾಡಿಸಿದ. ಬಿಂಗೋಗೆ ಬರುತ್ತೀರಾ ಎಂದೆ. ನಾನೇನೋ ಅವನ ಪಾಸ್‌ಪೋರ್ಟ್ ಕೇಳಿದೆನೋ ಎಂಬಂತೆ ನೋಡಿದ.

ಹೀಗೆಯೇ ನಾಲ್ಕು ತಿಂಗಳು ನಡೆಯಿತು. ಅವನು ಬಿಂಗೋಗೆ ಬರಲಿಲ್ಲ, ವ್ಯಾಯಾಮಕ್ಕೆ ಬರಲಿಲ್ಲ. ಊಟದ ಹಾಲ್‌ನಲ್ಲಿ ಮೂಲೆಯ ಟೇಬಲ್ಲಿನಲ್ಲಿ ಒಬ್ಬನೇ ಉಣ್ಣುತ್ತಿದ್ದ. ಒಂದು ದಿನ ಅವನ ಕೋಣೆಗೆ ತಿಂಗಳ ಕಾರ್ಯಕ್ರಮದ ಪಟ್ಟಿ ಕೊಡಲು ಹೋದಾಗ, ಮಂಚದ ಪಕ್ಕದ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಚಿತ್ರ ಕಂಡಿತು. ದೂರದಿಂದ ಅದು ಚರ್ಚಿನ ಚಿತ್ರವೇನೋ ಅನ್ನಿಸಿತು. ಹತ್ತಿರ ಹೋದರೆ ಅದು ಎಂಜಿನ್ ಒಂದನ್ನು ಅಡ್ಡ ಸೀಳಿ ಒಳಭಾಗ ತೋರಿಸುವ ನಕ್ಷೆ. ಅಭ್ಯಾಸಬಲದಿಂದ ಸಿಲಿಂಡರ್ ಎಣಿಸಿದೆ. ಒಂದು ಸಾಲಿನಲ್ಲಿ ಹತ್ತು, ಇನ್ನೊಂದು ಸಾಲಿನಲ್ಲಿ ಹತ್ತು.

“ಇದು ಸಬ್‌ಮರೀನ್ ಎಂಜಿನ್ ಅಲ್ಲ” ಎಂದೆ, ಸ್ವಲ್ಪ ಜೋರಾಗಿಯೇ.

ಮುದುಕ ಕುರ್ಚಿ ಸಮೇತ ಈ ಕಡೆ ತಿರುಗಿದ. “ಏನೆಂದೆ?”

“ವಿ ಆಕಾರದಲ್ಲಿ ಇಪ್ಪತ್ತು ಸಿಲಿಂಡರ್. ತೂಕ ಕಡಿಮೆ ಮಾಡೋಕೆ ಎಷ್ಟು ಒದ್ದಾಡಿದ್ದಾರೆ ನೋಡಿ. ಸಬ್‌ಮರೀನ್‌ಗೆ ಇಷ್ಟು ಅವಸರ ಯಾಕೆ ಬೇಕು?”

“ನಿನಗೆ ಹೇಗೆ ಗೊತ್ತು?”

“ಹನ್ನೊಂದು ವರ್ಷ ಪಾಠ ಮಾಡಿದ್ದೇನೆ.”

ಅವನು ನನ್ನ ಕೊರಳಿನ ಹೆಸರುಪಟ್ಟಿಯನ್ನು ಓದಿದ. ಅದರಲ್ಲಿ ನನ್ನ ಹೆಸರಿನ ಜೊತೆ ಒಂದು ನಗುವ ಸೂರ್ಯನ ಚಿತ್ರವಿತ್ತು. “ಮತ್ತೆ ಇಲ್ಲಿ ಬಿಂಗೋ ಯಾಕೆ ಆಡಿಸುತ್ತಿದ್ದೀಯ?” ಎಂದ.

“ನೀವು ಸಬ್‌ಮರೀನ್ ಕ್ಯಾಪ್ಟನ್ ಯಾಕೆ ಆಗಿದ್ದೀರಿ?” ಎಂದೆ.

ಅವನು ನಕ್ಕದ್ದನ್ನು ನಾನು ನೋಡಿದ್ದು ಆಗಲೇ ಮೊದಲು. ನಗು ಕೆಮ್ಮಾಗಿ, ನೀರು ಕುಡಿಸಬೇಕಾಯಿತು.

ಅವನು ಕ್ಯಾಪ್ಟನ್ ಆಗಿರಲೇ ಇಲ್ಲ. ಹದಿನೆಂಟನೇ ವಯಸ್ಸಿಗೆ ಜರ್ಮನ್ ನೌಕಾಪಡೆ ಸೇರಿ, ಟಾರ್ಪಿಡೊ ದೋಣಿಯೊಂದರಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವನು. ಅವರ ಭಾಷೆಯಲ್ಲಿ ಶ್ನೆಲ್‌ಬೋಟ್, ಅಂದರೆ ವೇಗದ ದೋಣಿ. ಇಂಗ್ಲಿಷರು ಅದಕ್ಕೆ ಇ-ಬೋಟ್ ಎನ್ನುತ್ತಿದ್ದರು. ನಾನು ಬಸ್ಸಿನಲ್ಲಿ ಬಂದು ಹೋಗುವಾಗ ಲೈಬ್ರರಿಯ ಪುಸ್ತಕ ಓದಿ, ಉಳಿದದ್ದನ್ನು ಅವನಿಂದ ಕೇಳಿ ತಿಳಿದುಕೊಂಡೆ. ಮೂವತ್ತೈದು ಮೀಟರ್ ಉದ್ದದ ಮರದ ದೋಣಿ, ಒಳಗೆ ಹಗುರ ಲೋಹದ ಪಕ್ಕೆಲುಬು. ಮುಂದೆ ಎಡಬಲಕ್ಕೆ ಎರಡು ಟಾರ್ಪಿಡೊ ಕೊಳವೆ. ಹೊಟ್ಟೆಯಲ್ಲಿ ಗೋಡೆಯ ಮೇಲಿದ್ದಂಥ ಮೂರು ಎಂಜಿನ್, ಒಂದೊಂದಕ್ಕೆ ಎರಡು ಸಾವಿರ ಅಶ್ವಶಕ್ತಿ. ಕತ್ತಲಾದ ಮೇಲೆ ಫ್ರಾನ್ಸಿನ ದಂಡೆಯಿಂದ ಹೊರಟು, ಇಂಗ್ಲೆಂಡಿನ ಸರಕು ಹಡಗುಗಳ ಮೇಲೆ ಟಾರ್ಪಿಡೊ ಬಿಟ್ಟು, ಬೆಳಗಾಗುವುದರೊಳಗೆ ವಾಪಸ್ ಓಡಿಬರುವುದು ಅದರ ಕೆಲಸ.

“ಗಂಟೆಗೆ ಎಪ್ಪತ್ತು ಕಿಲೋಮೀಟರಿಗಿಂತ ಜಾಸ್ತಿ” ಎಂದು ಅವನು ಹೆಮ್ಮೆಯಿಂದ ಹೇಳಿದ.

“ಇಲ್ಲಿನ ನಾನೂರ ಒಂದನೇ ನಂಬರ್ ಹೈವೇ ಮೇಲೆ ಸಂಜೆ ಐದರ ಟ್ರಾಫಿಕ್‌ನಲ್ಲಿ ಅಷ್ಟು ಹೋದರೆ ನಾವು ಹಬ್ಬ ಮಾಡ್ತೀವಿ” ಎಂದೆ.

ಸಬ್‌ಮರೀನಿನ ಕತೆ ಹೇಗೆ ಹುಟ್ಟಿತು ಎಂದು ಕೇಳಿದೆ. ಕೆನಡಾಕ್ಕೆ ಬಂದಾಗಿನಿಂದ ಜರ್ಮನ್ ನೌಕಾಪಡೆ ಎಂದ ತಕ್ಷಣ ಜನ ಸಬ್‌ಮರೀನಾ ಎಂದೇ ಕೇಳುತ್ತಿದ್ದರಂತೆ. ಇಪ್ಪತ್ತು ವರ್ಷ ‘ಅಲ್ಲ, ಅಲ್ಲ’ ಎಂದು ವಿವರಿಸಿ ಸಾಕಾಗಿ ಹೂಂ ಎಂದನಂತೆ. ಕ್ಯಾಪ್ಟನ್ ಪದವಿಯನ್ನು ಈ ನಿವಾಸದವರೇ ಕೊಟ್ಟದ್ದು. “ಕ್ಯಾಪ್ಟನ್‌ಗೆ ಐಸ್‌ಕ್ರೀಮ್ ಎರಡು ಸೌಟು ಹಾಕುತ್ತಾರೆ. ಎಂಜಿನ್ ಕೋಣೆಯವನಿಗೆ ಹಾಕುತ್ತಾರಾ?” ಎಂದ.

ಅಂದಿನಿಂದ ಅವನು ನನ್ನನ್ನು ಟೀಚರ್ ಎಂದು ಕರೆಯತೊಡಗಿದ. ಮನೆಯಲ್ಲಿ ನಾನು ಅವನಿಗೆ ಡೀಸೆಲ್ ಅಜ್ಜ ಎಂದು ಹೆಸರಿಟ್ಟೆ. ರಾತ್ರಿ ಊಟಕ್ಕೆ ರೊಟ್ಟಿ ಬಡಿಸುತ್ತ ಈ ಸುದ್ದಿಯನ್ನೆಲ್ಲ ಹೇಳಿದರೆ ಗಂಡ, “ಹಿಟ್ಲರನ ಮಿಲ್ಟ್ರಿಯವನ ಜೋಡಿ ದೋಸ್ತಿ ಮಾಡ್ಕೊಂಡು ಬಂದ್ಯಾ? ಬ್ಯಾರೆ ಯಾರೂ ಸಿಗಲಿಲ್ಲೇನ್ ನಿನಗ?” ಎಂದರು.

“ಈ ಊರಾಗ ಎಂಜಿನ್ ಬಗ್ಗೆ ನನ್ನ ಜೋಡಿ ಮಾತಾಡಿದಾಂವ ಅಂವಾ ಒಬ್ಬನೇ ರೀ” ಎಂದೆ. ಗಂಡ ಇನ್ನೊಂದು ರೊಟ್ಟಿ ಕೇಳಿದರು. ಅವರಿಗೆ ಕಾರಿನ ಬಾನೆಟ್ ತೆಗೆಯುವುದೂ ಗೊತ್ತಿರಲಿಲ್ಲ.

ಆದರೆ ಗಂಡ ಕೇಳಿದ್ದು ನನ್ನ ತಲೆಯಲ್ಲಿ ಉಳಿಯಿತು. ಪುಸ್ತಕದಲ್ಲಿ ಒಂದು ಅಧ್ಯಾಯವಿತ್ತು. 1944ರ ವಸಂತದಲ್ಲಿ, ಇಂಗ್ಲೆಂಡಿನ ದಕ್ಷಿಣದ ದಂಡೆಯ ಹತ್ತಿರ ಅಮೆರಿಕದ ಸೈನಿಕರು ದಡಕ್ಕಿಳಿಯುವ ತಾಲೀಮು ಮಾಡುತ್ತಿದ್ದಾಗ ಈ ದೋಣಿಗಳು ನುಗ್ಗಿ ಟಾರ್ಪಿಡೊ ಬಿಟ್ಟವು. ನೂರಾರು ಹುಡುಗರು ತಣ್ಣೀರಿನಲ್ಲಿ ಸತ್ತರು. ನಾನು ಡೀಸೆಲ್ ಅಜ್ಜನನ್ನು ಕೇಳಿದೆ, “ನೀವು ಅದರಲ್ಲಿದ್ದಿರಾ?”

ಅವನು ತನ್ನ ಕೈಬೆರಳುಗಳನ್ನು ಒಂದೊಂದಾಗಿ ಒತ್ತಿಕೊಂಡ. “ಇದ್ದೆ.”

“ಏನು ಕಂಡಿರಿ?”

“ಎಣ್ಣೆಯ ಒತ್ತಡದ ಗೇಜು. ಎಂಜಿನ್ ಕೋಣೆಗೆ ಕಿಟಕಿ ಇರಲಿಲ್ಲ, ಟೀಚರ್.” “ಈ ಮಾತನ್ನು ಅರವತ್ತು ವರ್ಷದಿಂದ ಹೇಳುತ್ತಿದ್ದೇನೆ. ಹೆಂಡತಿಗೂ ಇದನ್ನೇ ಹೇಳಿದ್ದೆ. ಅವಳು ನಂಬಿದಳೋ ಇಲ್ಲವೋ ಕೇಳಲಿಲ್ಲ” ಎಂದ. ಆಮೇಲೆ ಹೊರಗೆ ಹೋಗು ಎಂಬಂತೆ ಕೈ ಮಾಡಿದ. ನಾನು ಹೋದೆ. ಮೂರು ದಿನ ಅವನ ಕೋಣೆಯ ಕಡೆ ಹೋಗಲಿಲ್ಲ. ನಾಲ್ಕನೇ ದಿನ ಅವನೇ ವ್ಯಾಯಾಮಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂತು, ಎಲ್ಲರೂ ಎಡಗೈ ಎತ್ತಿದಾಗ ಬಲಗೈ ಎತ್ತಿದ.

ಆ ವ್ಯಾಯಾಮದ ಗುಂಪಿನಲ್ಲಿ ಇನ್ನೊಬ್ಬ ಮುದುಕನಿದ್ದ. ಕೆನಡಾದವನೇ, ಎಂಬತ್ತೆಂಟು ವಯಸ್ಸು. ನೀಲಿ ಬ್ಲೇಜರ್ ಹಾಕದೆ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಯುದ್ಧದಲ್ಲಿ ಅವನೂ ನೌಕಾಪಡೆಯವನು, ಅವನದೂ ಟಾರ್ಪಿಡೊ ದೋಣಿ, ಇಂಗ್ಲೆಂಡ್ ಮತ್ತು ಫ್ರಾನ್ಸಿನ ನಡುವಿನ ಅದೇ ಕಡಲ್ಗಾಲುವೆ. ಅವರ ದೋಣಿ ಓಡುತ್ತಿದ್ದದ್ದು ಪೆಟ್ರೋಲಿನಲ್ಲಿ. ಹೀಗಾಗಿ ಅವನು ಪೆಟ್ರೋಲ್ ಅಜ್ಜ. ಎರಡು ವರ್ಷ ಈ ಇಬ್ಬರೂ ಒಂದೇ ಹಾಲ್‌ನಲ್ಲಿ ಉಂಡಿದ್ದರು. ಸಬ್‌ಮರೀನಿನವರ ಜೊತೆ ತನಗೇನೂ ಕೆಲಸವಿಲ್ಲ ಎಂದು ಪೆಟ್ರೋಲ್ ಅಜ್ಜ ಆ ಮೂಲೆಯ ಕಡೆ ತಿರುಗಿಯೂ ನೋಡಿರಲಿಲ್ಲ.

ಬಾಯಿ ತಡೆಯದೆ ನಿಜ ಹೇಳಿದವಳು ನಾನೇ. ವ್ಯಾನಿನಲ್ಲಿ ಮಾಲ್‌ಗೆ ಹೋಗುವಾಗ ಪೆಟ್ರೋಲ್ ಅಜ್ಜನಿಗೆ, “ಅವರು ಸಬ್‌ಮರೀನಿನವರಲ್ಲ, ಇ-ಬೋಟಿನವರು” ಎಂದೆ.

“ಇ-ಬೋಟ್?” ಅವನ ಮುಖ ಕೆಂಪಾಯಿತು. ಬಿಪಿ ಏರಿತೆಂದು ನನಗೆ ಗಾಬರಿ. “ಆ ಹಾಳಾದವರನ್ನು ಒಂದು ಇಡೀ ಬೇಸಿಗೆ ಬೆನ್ನಟ್ಟಿದ್ದೇನೆ. ಕಂಡದ್ದು ಬರೇ ಅವರ ಹಿಂದಿನ ನೊರೆ! ವ್ಯಾನ್ ತಿರುಗಿಸು.”

ವ್ಯಾನ್ ತಿರುಗಿಸಲಿಲ್ಲ. ಉಳಿದ ಒಂಬತ್ತು ಜನಕ್ಕೆ ಶಾಪಿಂಗ್ ಆಗಬೇಕಿತ್ತು. ಆದರೆ ವಾಪಸ್ ಬಂದ ಕೂಡಲೇ ಪೆಟ್ರೋಲ್ ಅಜ್ಜ ವಾಕರ್ ತಳ್ಳಿಕೊಂಡು ಸೀದಾ ಮೂಲೆಯ ಟೇಬಲ್ಲಿಗೆ ಹೋಗಿ ಎದುರು ನಿಂತ.

“ನಿಮ್ಮ ದೋಣಿ ಅಷ್ಟು ಜೋರಾಗಿ ಓಡುತ್ತಿದ್ದದ್ದು ಹೇಗೆ?” ಎಂದ. ನಮಸ್ಕಾರವಿಲ್ಲ, ಪರಿಚಯವಿಲ್ಲ.

ಡೀಸೆಲ್ ಅಜ್ಜ ಅವನ ಬ್ಲೇಜರಿನ ಮೇಲಿದ್ದ ಟಾರ್ಪಿಡೊ ದೋಣಿಯ ಬಿಲ್ಲೆ ನೋಡಿದ. “ನಿಮ್ಮ ದೋಣಿ ಅಷ್ಟು ಚೆನ್ನಾಗಿ ಉರಿಯುತ್ತಿದ್ದದ್ದು ಹೇಗೆ?” ಎಂದ.

ಇದು ಕೆಟ್ಟ ಮಾತು. ಪೆಟ್ರೋಲ್ ದೋಣಿಗೆ ಒಂದು ಗುಂಡು ತಾಗಿದರೂ ಬೆಂಕಿ, ಅದರಲ್ಲಿ ಸುಟ್ಟು ಸತ್ತವರು ಪೆಟ್ರೋಲ್ ಅಜ್ಜನ ಗೆಳೆಯರು. ಈಗ ವಾಕರ್ ಎತ್ತಿ ಹೊಡೆಯುತ್ತಾನೆ ಎಂದುಕೊಂಡೆ. ಅವನು ಕುರ್ಚಿ ಎಳೆದು ಕೂತ. “ನಾವು ಎಷ್ಟು ಸಾರಿ ಕೇಳಿದ್ದೆವು ಗೊತ್ತಾ, ಡೀಸೆಲ್ ಕೊಡಿ ಅಂತ” ಎಂದ.

ಹಾಗೆ ಶುರುವಾದದ್ದು ದಿನವೂ ನಡೆಯಿತು. ಡೀಸೆಲ್ ಅಜ್ಜ ಚುಕ್ಕಾಣಿಯ ಗುಟ್ಟನ್ನು ಎರಡು ಚಮಚೆ ಮತ್ತು ಒಂದು ಬಟ್ಟಲು ಟೊಮ್ಯಾಟೊ ಸೂಪಿನಲ್ಲಿ ತೋರಿಸಿದ. ನಡುವೆ ಒಂದು ದೊಡ್ಡ ಚುಕ್ಕಾಣಿ, ಅದರ ಎರಡೂ ಪಕ್ಕ ಎರಡು ಚಿಕ್ಕವು. ಪೂರ್ತಿ ವೇಗದಲ್ಲಿ ಆ ಚಿಕ್ಕವನ್ನು ಹೊರಕ್ಕೆ ತಿರುಗಿಸಿದರೆ ದೋಣಿಯ ಹಿಂಭಾಗ ನೀರಿನಲ್ಲಿ ಕೂರುವುದಿಲ್ಲ, ವೇಗ ಇನ್ನಷ್ಟು ಏರುತ್ತದೆ. ಚಮಚೆ ಹೊರಕ್ಕೆ ತಿರುಗಿತು, ಸೂಪು ಪಕ್ಕದ ಟೇಬಲ್ಲಿನ ಅಜ್ಜಿಯ ಬಿಳಿ ಸ್ವೆಟರಿಗೆ ಹೋಯಿತು. ಮ್ಯಾನೇಜರ್ ನನಗೆ ಎಚ್ಚರಿಕೆ ಕೊಟ್ಟಳು. ಒಂದು ದಿನ ನಾನು ಇಂಗ್ಲೆಂಡಿನಲ್ಲಿ ಉಳಿದಿರುವ ಒಂದೇ ಒಂದು ಇ-ಬೋಟಿನ ಫೋಟೊ ಪ್ರಿಂಟ್ ಮಾಡಿಕೊಂಡು ಹೋದೆ. ಯುದ್ಧದ ನಂತರ ಅದು ಕೈಯಿಂದ ಕೈಗೆ ಹೋಗಿ ಕೊನೆಗೆ ಯಾರೋ ವಾಸದ ಮನೆ ಮಾಡಿಕೊಂಡಿದ್ದರಂತೆ. “ಎಂಜಿನ್ ಕೋಣೆಯಲ್ಲಿ ಬೆಡ್‌ರೂಮ್ ಮಾಡಿದ್ದಾರಾ? ನಮಗೆ ಅಲ್ಲಿ ನಿಲ್ಲುವುದಕ್ಕೂ ಜಾಗವಿರಲಿಲ್ಲ” ಎಂದು ಡೀಸೆಲ್ ಅಜ್ಜ ಸಿಟ್ಟಾದ.

ತೊಂದರೆ ಬಂದದ್ದು ಬೆಕ್ಕಿನಿಂದ.

ಪೆಟ್ರೋಲ್ ಅಜ್ಜನಿಗೆ ಒಂದು ದೊಡ್ಡ ಕತೆಯಿತ್ತು. ಅವನ ಮಕ್ಕಳು ಮೊಮ್ಮಕ್ಕಳೆಲ್ಲ ಅದನ್ನು ಕೇಳಿ ಬೆಳೆದವರು. 1944ರ ಜೂನ್‌ನಲ್ಲಿ ಫ್ರಾನ್ಸಿನ ಬಂದರೊಂದರ ಹೊರಗೆ ಅವನ ದೋಣಿ ಒಂದು ಇ-ಬೋಟನ್ನು ಎದುರುಬದುರು ಹಿಡಿದು ಮುಳುಗಿಸಿತಂತೆ. ಕಡಲನ್ನು ಬೆಳಗಿಸುವ ಬೆಳಕಿನ ಗುಂಡು ಮೇಲೆ ಹಾರಿದಾಗ ಆ ದೋಣಿಯ ಪಕ್ಕೆಯ ಮೇಲೆ ಬಣ್ಣದಲ್ಲಿ ಬರೆದಿದ್ದ ಕಪ್ಪು ಬೆಕ್ಕನ್ನು ಅವನು ಕಣ್ಣಾರೆ ಕಂಡಿದ್ದನಂತೆ. ಆ ವಾರ ಬುಧವಾರದ ಕತೆ ಅವನದೇ ಎಂದು ಆಗಿತ್ತು. ಹತ್ತಿರದ ಕ್ಲೈನ್‌ಬರ್ಗ್ ಊರಿನಿಂದ ಮಗಳು, ಮೊಮ್ಮಗಳು, ಅವಳ ಪುಟ್ಟ ಮಗಳು ಎಲ್ಲ ಬರುವವರಿದ್ದರು.

ಸೋಮವಾರ ಡೀಸೆಲ್ ಅಜ್ಜ ನನ್ನನ್ನು ಕೋಣೆಗೆ ಕರೆದ. “ಕಪ್ಪು ಬೆಕ್ಕು ಎಂದನಾ?”

“ಹೌದು.”

“ಅದು ಬೆಕ್ಕಲ್ಲ, ಹುಲಿ. ಬರೆದವನು ನಾನು. ಕಪ್ಪು ಬಣ್ಣ ಮಾತ್ರ ಇತ್ತು, ನನಗೆ ಚಿತ್ರ ಬರುತ್ತಿರಲಿಲ್ಲ.”

“ಅಂದರೆ ಅವರು ಮುಳುಗಿಸಿದ್ದು ನಿಮ್ಮ ದೋಣಿಯನ್ನೇ?”

“ಅವನು ಏನನ್ನೂ ಮುಳುಗಿಸಲಿಲ್ಲ. ಒಂದು ದಿನ ನಮ್ಮ ಮೇಲೆ ಗುಂಡು ಹಾರಿತು ನಿಜ. ಹೊಗೆ ಬಿಟ್ಟು ಬಂದರಿಗೆ ಓಡಿಬಂದೆವು. ಒಂದು ವಾರ ಕಳೆದು ಸಂಜೆ ಇಂಗ್ಲಿಷ್ ವಿಮಾನಗಳು ಬಂದು ಬಂದರಿನಲ್ಲಿ ಕಟ್ಟಿ ಹಾಕಿದ್ದ ದೋಣಿಗಳನ್ನೆಲ್ಲ ಪುಡಿ ಮಾಡಿದವು. ನಮ್ಮದೂ ಹೋಯಿತು. ನಾನು ಅದರಲ್ಲಿರಲಿಲ್ಲ, ಹಲ್ಲು ಕೀಳಿಸಲು ಹೋಗಿದ್ದೆ.”

“ಹಲ್ಲು?”

ಅವನು ಬಾಯಿ ತೆರೆದು ಜಾಗ ತೋರಿಸಿದ. ಅಲ್ಲಿ ಈಗ ಒಂದು ಹಲ್ಲೂ ಇರಲಿಲ್ಲ, ಹಾಗಾಗಿ ಯಾವುದೆಂದು ಗೊತ್ತಾಗಲಿಲ್ಲ. “ದೋಣಿಯಲ್ಲಿದ್ದ ಏಳು ಜನ ಸತ್ತರು. ನಾನು ಕೆನ್ನೆ ಊದಿಸಿಕೊಂಡು ಬದುಕಿದೆ. ಇದನ್ನು ಯಾರಿಗೆ ಹೇಳಲಿ?”

ನನಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಬುಧವಾರ ಇವನು ಎದ್ದು ನಿಂತು ಹಲ್ಲಿನ ಕತೆ ಹೇಳಿದರೆ ಪೆಟ್ರೋಲ್ ಅಜ್ಜನ ಅರವತ್ತೇಳು ವರ್ಷದ ಮರ್ಯಾದೆ ಮೊಮ್ಮಕ್ಕಳ ಮುಂದೆ ಹೋಗುತ್ತದೆ. ಹೇಳಬೇಡಿ ಎನ್ನುವುದಕ್ಕೆ ನಾನು ಯಾರು? ಮನೆಯಲ್ಲಿ ಹೇಳಿದೆ. ಗಂಡ, “ನಿನಗ್ಯಾಕ ಬೇಕಿತ್ತ ಈ ಉಸಾಬರಿ? ಬುಧವಾರ ಸಿಕ್ ಲೀವ್ ಹಾಕು” ಎಂದರು. ಮಗಳು ಫೋನಿನಿಂದ ತಲೆ ಎತ್ತದೆ, “ಅಮ್ಮಾ, ದಿಸ್ ಈಸ್ ಸೋ ಆಕ್ವರ್ಡ್” ಎಂದಳು. ನನಗೂ ಸಿಕ್ ಲೀವ್ ಹಾಕುವ ಮನಸ್ಸಿತ್ತು. ಆದರೆ ಕುರ್ಚಿ ಜೋಡಿಸುವವರು ಬೇರೆ ಯಾರೂ ಇರಲಿಲ್ಲ.

ಬುಧವಾರ ಹಾಲ್ ಜನರಿಂದ ತುಂಬಿತ್ತು. ಪೆಟ್ರೋಲ್ ಅಜ್ಜ ಬ್ಲೇಜರಿಗೆ ಪದಕಗಳನ್ನೆಲ್ಲ ಚುಚ್ಚಿಕೊಂಡು ಬಂದ. ನಡೆದರೆ ಗಲಗಲ ಸದ್ದು. ಕತೆ ಚೆನ್ನಾಗಿಯೇ ಹೇಳಿದ. ಅಲೆ, ಹೊಗೆ, ಬೆಳಕಿನ ಗುಂಡು, ಬೆಕ್ಕು, ಕೊನೆಗೆ ಒಂದು ದೊಡ್ಡ ಸ್ಫೋಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಅವನ ಮರಿಮಗಳು, ಏಳೆಂಟು ವರ್ಷದ ಹುಡುಗಿ, “ಆ ದೋಣಿಯಲ್ಲಿದ್ದವರು ಏನಾದರು?” ಎಂದು ಕೇಳಿದಳು.

ಪೆಟ್ರೋಲ್ ಅಜ್ಜ ಬಾಯಿ ತೆರೆದವನು ಹಾಗೆಯೇ ನಿಂತ. ಇಷ್ಟು ವರ್ಷದಲ್ಲಿ ಅವನನ್ನು ಯಾರೂ ಅದನ್ನು ಕೇಳಿರಲಿಲ್ಲ ಎಂದು ಕಾಣುತ್ತದೆ.

ಹಿಂದಿನ ಸಾಲಿನಲ್ಲಿ ಡೀಸೆಲ್ ಅಜ್ಜ ಎದ್ದ. ಮ್ಯಾನೇಜರ್ ನನ್ನ ತೋಳು ಗಟ್ಟಿಯಾಗಿ ಹಿಡಿದಳು.

“ನಾನು ಆ ದೋಣಿಯಲ್ಲಿದ್ದೆ” ಎಂದ. “ನಿನ್ನ ಮುತ್ತಜ್ಜ ಗುರಿ ಇಟ್ಟು ಹೊಡೆದರು. ದೋಣಿ ಮುಳುಗಿತು. ನಾವೆಲ್ಲ ಈಜಿ ದಡ ಸೇರಿದೆವು. ಎಲ್ಲರೂ. ನೀರು ಬೆಚ್ಚಗಿತ್ತು.”

ಹುಡುಗಿಗೆ ಸಮಾಧಾನವಾಯಿತು. “ಬೆಕ್ಕು?” ಎಂದಳು.

“ಬೆಕ್ಕಿಗೂ ಈಜು ಬರುತ್ತಿತ್ತು” ಎಂದು ಹೇಳಿ ಕೂತ.

ಜನ ಅತ್ತರು. ಮ್ಯಾನೇಜರ್ ಎಲ್ಲರಿಗಿಂತ ಹೆಚ್ಚು ಅತ್ತಳು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಫೋಟೊ ತೆಗೆದು ನೋಟಿಸ್ ಬೋರ್ಡಿಗೆ ಹಾಕಿದಳು. ಫೋಟೊದಲ್ಲಿ ಇಬ್ಬರೂ ಪೊಲೀಸರು ಹಿಡಿದು ತಂದವರಂತೆ ಕಾಣುತ್ತಿದ್ದರು. ಎಂಜಿನ್ ಕೋಣೆಯ ಆ ಮೊಂಡು ಮುದುಕ ಅಷ್ಟು ಜನರ ಮುಂದೆ ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದನ್ನು ಕಂಡು ನಾನು ಕುರ್ಚಿ ಮಡಚುವುದನ್ನೇ ಮರೆತು ನಿಂತಿದ್ದೆ.

ಮರುದಿನ ಬೆಳಗಿನ ತಿಂಡಿಗೆ ಪೆಟ್ರೋಲ್ ಅಜ್ಜ ಮೂಲೆಯ ಟೇಬಲ್ಲಿಗೆ ಬಂದ. ನಾನು ಪಕ್ಕದಲ್ಲೇ ಕಾಫಿ ಬಗ್ಗಿಸುತ್ತಿದ್ದೆ.

“ಆ ಕಡಲಲ್ಲಿ ನೀರು ಯಾವತ್ತೂ ಬೆಚ್ಚಗಿರುವುದಿಲ್ಲ” ಎಂದ.

“ಇಲ್ಲ.”

“ನೀನು ಈಜಲಿಲ್ಲ.”

“ನನಗೆ ಈಜು ಬರುವುದಿಲ್ಲ.”

ಪೆಟ್ರೋಲ್ ಅಜ್ಜ ಬಹಳ ಹೊತ್ತು ಟೋಸ್ಟಿಗೆ ಬೆಣ್ಣೆ ಹಚ್ಚಿದ. “ನಾನು ಏನಕ್ಕೋ ಹೊಡೆದದ್ದಂತೂ ನಿಜ. ಬೆಂಕಿ ಕಂಡಿತ್ತು.”

“ಹೊಡೆದೆ. ನಮ್ಮ ಅಡುಗೆಕೋಣೆಗೆ ತಾಗಿತು. ನಾಲ್ಕು ದಿನ ಬಿಸಿ ಸೂಪಿಲ್ಲದೆ ಮಾಡಿದ್ದೀಯ.” ಆಮೇಲೆ ವಿಮಾನದ ಕತೆ, ಹಲ್ಲಿನ ಕತೆ ಎಲ್ಲ ಹೇಳಿದ. ಸತ್ತ ಏಳು ಜನರ ಹೆಸರನ್ನೂ ಹೇಳಿದ, ಒಂದನ್ನೂ ತಪ್ಪದೆ. ಪೆಟ್ರೋಲ್ ಅಜ್ಜ ತನ್ನ ಕಡೆಯವರ ಹೆಸರು ಹೇಳಿದ, ಸುಟ್ಟು ಸತ್ತವರದು. ನಾನು ಕಾಫಿ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತೆ. ಇಬ್ಬರೂ ಲೋಟ ಚಾಚಲಿಲ್ಲ, ಹೋಗು ಎಂದೂ ಹೇಳಲಿಲ್ಲ.

ಅದಾದ ಮೇಲೆ ಎರಡು ವರ್ಷ ಅವರು ಒಂದೇ ಟೇಬಲ್ಲಿನಲ್ಲಿ ಉಂಡರು. ಜಗಳ ನಿಲ್ಲಲಿಲ್ಲ. ಯುದ್ಧ ಮುಗಿದ ಮೇಲೆ ಉಳಿದ ದೋಣಿಗಳನ್ನು ಗೆದ್ದವರು ಹಂಚಿಕೊಂಡದ್ದು, ನಾರ್ವೆ ಡೆನ್ಮಾರ್ಕಿನವರು ಅವನ್ನೇ ವರ್ಷಗಟ್ಟಲೆ ಓಡಿಸಿದ್ದು, ಇಂಗ್ಲಿಷರೂ ಗುಟ್ಟಿನ ಕೆಲಸಕ್ಕೆ ಬಳಸಿದ್ದು, ಇದನ್ನೆಲ್ಲ ಡೀಸೆಲ್ ಅಜ್ಜ ತಿಂಗಳಿಗೊಮ್ಮೆ ಹೇಳುತ್ತಿದ್ದ. “ಚೆನ್ನಾಗಿಲ್ಲದಿದ್ದರೆ ಕದಿಯುತ್ತಿದ್ದರಾ?” ಎಂಬುದು ಅವನ ಕೊನೆಯ ವಾದ. ಪೆಟ್ರೋಲ್ ಅಜ್ಜ ಆಗ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ.

2013ರ ಏಪ್ರಿಲ್‌ನಲ್ಲಿ ಡೀಸೆಲ್ ಅಜ್ಜ ನ್ಯುಮೋನಿಯಾದಿಂದ ತೀರಿಕೊಂಡ. ಸುದ್ದಿ ಹೇಳಲು ಹೋದಾಗ ಪೆಟ್ರೋಲ್ ಅಜ್ಜ, “ನಾನು ಜರ್ಮನರ ಅಂತ್ಯಕ್ರಿಯೆಗೆಲ್ಲ ಹೋಗುವುದಿಲ್ಲ” ಎಂದ. ಹತ್ತು ನಿಮಿಷ ಬಿಟ್ಟು ಬ್ಲೇಜರ್ ಇಸ್ತ್ರಿ ಮಾಡಿಸಿಕೊಡು ಎಂದು ಹೇಳಿ ಕಳಿಸಿದ. ವ್ಯಾನಿನಲ್ಲಿ ಕರೆದುಕೊಂಡು ಹೋದೆ. ಚರ್ಚಿನಲ್ಲಿ ಪ್ರಾರ್ಥನೆ ಜರ್ಮನ್ ಭಾಷೆಯಲ್ಲಿತ್ತು. ಅವನು ಮೊದಲ ಐದು ನಿಮಿಷ ನೆಟ್ಟಗೆ ಕೂತು, ಆಮೇಲೆ ನಿದ್ದೆಹೋಗಿ ಗೊರಕೆ ಹೊಡೆದ. ಪಾದ್ರಿ ದನಿ ಏರಿಸಿದ. ನಾನು ಮೊಣಕೈಯಿಂದ ಎರಡು ಸಾರಿ ತಿವಿದೆ. ಅಳು ಬಂದಿದ್ದ ನನಗೆ ನಗು ತಡೆಯಲಾಗದೆ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡೆ. ಸತ್ತವನ ಮಗ ಆಮೇಲೆ ಬಂದು ನನ್ನ ಕೈ ಹಿಡಿದು, ಅಪ್ಪನಿಗಾಗಿ ಇಷ್ಟು ಅತ್ತಿರಲ್ಲ ಎಂದು ಥ್ಯಾಂಕ್ಸ್ ಹೇಳಿದ.

ಅಲ್ಲಿಂದ ಮುಂದೆ ಊಟದ ಹೊತ್ತಿಗೆ ಪೆಟ್ರೋಲ್ ಅಜ್ಜ ತನ್ನ ವಾಕರನ್ನು ಎದುರಿನ ಜಾಗದಲ್ಲಿ ಅಡ್ಡ ನಿಲ್ಲಿಸಿಕೊಂಡು ಕೂರುತ್ತಿದ್ದ, ಯಾರೂ ಅಲ್ಲಿ ಕೂರದ ಹಾಗೆ. ದಾರಿಗೆ ಅಡ್ಡವಾಗುತ್ತದೆ, ತೆಗೆಸು ಎಂದು ಮ್ಯಾನೇಜರ್ ನನಗೆ ಎರಡು ಸಾರಿ ಹೇಳಿದಳು. ತೆಗೆಸುತ್ತೇನೆ ಎಂದು ಎರಡು ಸಾರಿಯೂ ಒಪ್ಪಿಕೊಂಡೆ, ತೆಗೆಸಲಿಲ್ಲ. ಮರುವರ್ಷ ನನಗೆ ಒಂದು ಕಾಲೇಜಿನ ಎಂಜಿನ್ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಅಲ್ಲಿಂದ ಬಿಟ್ಟು ಬಂದೆ. ಆಮೇಲೆ ಆ ವಾಕರ್ ಅಲ್ಲೇ ಇತ್ತೋ, ಮ್ಯಾನೇಜರ್ ತಾನೇ ತೆಗೆಸಿದಳೋ ಗೊತ್ತಿಲ್ಲ.